ಫಿಯೆಟ್‌ನ ಸ್ಪ್ರಿಂಗ್ ಕತ್ತರಿಸುವ ಮುನ್ನ

ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಫಿಯೆಟ್ ಕಾರಿನ ಮೇಲೆ ಮುಂಬಯಿ ಕನ್ನಡಿಗರಿಗೆ ಇರುವ ಮೋಹ ಇಂದು ನಿನ್ನೆಯದಲ್ಲ. ಹೋಟೆಲಿನ ಗಲ್ಲಾದಲ್ಲಿ ಕುಳಿತು ಪೈಸೆಗೆ ಪೈಸೆ ಕೂಡಿಸಿದ ಹಿರಿಯರು ಬುಕಿಂಗ್ ಮಾಡಿಸಿ, ವರ್ಷಗಟ್ಟಲೆ ಸರದಿ ಕಾದು ಮನೆಗೆ ತಂದ ಮೊದಲ ಕಾರು ಅದು. 2003ರ ಅಕ್ಟೋಬರ್ 29ರಂದು ತಾರ್ದೇವ್ ಆರ್‌ಟಿಓದಲ್ಲಿ ನೋಂದಣಿಯಾಗಿದ್ದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 20 ವರ್ಷದ ಅವಧಿ ಮುಗಿಸಿ 2023ರಲ್ಲಿ ರಸ್ತೆಯಿಂದ ಸರಿಯಿತು. ಈಗ ಉಳಿದಿರುವುದು ಸೊಸೈಟಿಗಳ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತ ಖಾಸಗಿ ಕಾರುಗಳು ಮಾತ್ರ.

ಅಂಥ ಕಾರನ್ನು ಮಗನೋ ಮೊಮ್ಮಗನೋ ಪ್ರೀತಿಯಿಂದ ರಿಪೇರಿ ಮಾಡಿಸಿ ಹೊರತೆಗೆದರೆ ಮೆಚ್ಚಬೇಕಾದ್ದೇ. ಆದರೆ ಹೊಸ ಬಣ್ಣ ಬಳಿಸಿದ ಮೇಲೆ ಅವನ ಕಣ್ಣು ಬೀಳುವುದು ಕಾರಿನ ಎತ್ತರದ ಮೇಲೆ. ನೆಲಕ್ಕೆ ತಾಗಿದಂತೆ ತಗ್ಗಿಸಿದರೆ ಚೆಂದ ಎಂದು ಗೆಳೆಯರು ಹೇಳುತ್ತಾರೆ. ಗ್ಯಾರೇಜಿನವನು "ಒಂದು ಸುತ್ತು ಕಟ್ ಮಾಡಿದರಾಯಿತು, ಒಂದು ಗಂಟೆಯ ಕೆಲಸ" ಎನ್ನುತ್ತಾನೆ. ಅಪಾಯ ಇರುವುದು ಈ ಒಂದು ಗಂಟೆಯ ಕೆಲಸದಲ್ಲೇ.

ಪದ್ಮಿನಿಯ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇದ್ದರೆ ಹಿಂಭಾಗದಲ್ಲಿ ಪಟ್ಟಿ ಸ್ಪ್ರಿಂಗ್ ಇದೆ. (ಹಳೆಯ ಅಂಬಾಸಿಡರ್‌ನ ಮುಂದೆ ಇರುವುದು ಟಾರ್ಶನ್ ಬಾರ್, ಅದರಲ್ಲಿ ಸುರುಳಿ ಕತ್ತರಿಸುತ್ತೇನೆ ಎಂದವನ ಕೈಗೆ ಕಾರು ಕೊಡದಿರುವುದೇ ಲೇಸು.) ಹೀಗಾಗಿ ಸುರುಳಿ ಕತ್ತರಿಸಿದಾಗ ಮೂತಿ ಮಾತ್ರ ಬಗ್ಗುತ್ತದೆ. ಸ್ಪ್ರಿಂಗ್ ಕೂರುವುದು ಚಕ್ರದಿಂದ ಒಳಗೆ, ತೋಳಿನ ನಡುವೆ. ಆದ್ದರಿಂದ ಸ್ಪ್ರಿಂಗ್ ಎಷ್ಟು ಕುಗ್ಗಿತೋ ಅದಕ್ಕಿಂತ ಹೆಚ್ಚೇ ಕಾರು ಇಳಿಯುತ್ತದೆ. ಸುತ್ತು ಕಡಿಮೆಯಾದಷ್ಟೂ ಉಳಿದ ಸ್ಪ್ರಿಂಗ್ ಗಡುಸಾಗುವುದೂ ಉಂಟು. ಕೆಲಸ ಮಾಡುವ 8 ಸುತ್ತುಗಳಲ್ಲಿ 1 ಹೋದರೆ ಗಡುಸುತನ ಶೇ. 14ರಷ್ಟು ಏರುತ್ತದೆ, 2 ಹೋದರೆ ಮೂರನೇ ಒಂದು ಪಾಲು. ಒಂದೇ ಸಲಕ್ಕೆ ಇಡೀ ಸುತ್ತು ತೆಗೆಯದೆ, ಅರ್ಧ ಸುತ್ತು ತೆಗೆದು, ಜೋಡಿಸಿ, ನೋಡಿ ಮುಂದುವರಿಯಬೇಕೆಂದು ಬಲ್ಲವರು ಹೇಳುವುದು ಇದಕ್ಕೇ. ಎಡಬಲಗಳೆರಡೂ ಸಮನಾಗಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಗ್ಯಾಸ್ ಕಟರ್. ಸ್ಪ್ರಿಂಗ್ ಉಕ್ಕಿಗೆ ಬಲ ಬಂದದ್ದೇ ಕಾರ್ಖಾನೆಯಲ್ಲಿ ಲೆಕ್ಕಾಚಾರದಿಂದ ಕಾಯಿಸಿ ತಣಿಸಿದ ಹದದಿಂದ. ಜ್ವಾಲೆ ತಗುಲಿದರೆ ಆ ಹದ ಕೆಡುತ್ತದೆ. ಆ ಜಾಗ ಮೆತ್ತಗಾಗಿ ಕುಸಿಯಬಹುದು, ಇಲ್ಲವೇ ಪೆಡಸಾಗಿ ಒಂದು ದಿನ ಹೊಂಡಕ್ಕೆ ಬಿದ್ದಾಗ ಮುರಿಯಬಹುದು. ಕಾರಿನಲ್ಲಿದ್ದ ಹಾಗೆಯೇ ಸ್ಪ್ರಿಂಗನ್ನು ಕಾಯಿಸಿ ಕುಗ್ಗಿಸುವವರಂತೂ ಇತರರ ಜೀವದೊಂದಿಗೆ ಆಟವಾಡುತ್ತಿದ್ದಾರೆ. ಕತ್ತರಿಸಲೇಬೇಕೆಂದರೆ ಸ್ಪ್ರಿಂಗನ್ನು ಹೊರತೆಗೆದು, ತೆಳು ಡಿಸ್ಕ್ ಹಾಕಿದ ಗ್ರೈಂಡರಿನಿಂದ, ಬಿಸಿಯೇರದಂತೆ ಬಿಟ್ಟುಬಿಟ್ಟು ಕತ್ತರಿಸಬೇಕು. ತುದಿಯ ಸುತ್ತನ್ನು ಮುಚ್ಚಿ ಚಪ್ಪಟೆಯಾಗಿ ಅರೆದ ಸ್ಪ್ರಿಂಗಾದರೆ ಮುಟ್ಟಲೇ ಬಾರದು. ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸಮನಾಗಿ ಕೂರದೆ ಒಂದೇ ಬಿಂದುವಿನ ಮೇಲೆ ನಿಂತುಬಿಡುತ್ತದೆ.

ಬಿಚ್ಚುವಾಗಿನ ಅಪಾಯವೂ ಕಡಿಮೆಯದಲ್ಲ. ಒತ್ತಿ ಕುಳಿತ ಸ್ಪ್ರಿಂಗ್ ತೋಳು ಸಡಿಲಿಸಿದೊಡನೆ ಗುಂಡಿನಂತೆ ಚಿಮ್ಮಿ ಕೈ, ಮುಖಗಳನ್ನು ಜಜ್ಜಬಲ್ಲದು. ಬರೇ ಜಾಕ್ ನಂಬದೆ ಕಾರನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕಂಪ್ರೆಸರ್ ಕಟ್ಟಿ ಬಿಚ್ಚಬೇಕು. ಮರಳಿ ಜೋಡಿಸಿದ ಮೇಲೆ ಚಕ್ರ ಗಾಳಿಯಲ್ಲಿ ತೂಗಾಡುವಾಗಲೂ ಸ್ಪ್ರಿಂಗ್ ಪೀಠ ಬಿಡದೆ ನಿಲ್ಲುತ್ತದೆಯೇ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಯರ್ ಉಜ್ಜುತ್ತದೆಯೇ, ಬ್ರೇಕಿನ ಪೈಪು ತಾಗುತ್ತದೆಯೇ ನೋಡಿ, ಅಲೈನ್‌ಮೆಂಟ್ ಮಾಡಿಸದೆ ರಸ್ತೆಗಿಳಿಸಬಾರದು.

ಇಷ್ಟಾದರೂ ಮುಂಬಯಿಯ ಮಳೆಗಾಲ ಇದೆಯಲ್ಲ! ಜುಲಾಯಿಯ ಹೊಂಡಗಳು, ಲೆಕ್ಕವಿಲ್ಲದ ಸ್ಪೀಡ್‌ಬ್ರೇಕರುಗಳು, ಸೊಸೈಟಿ ಗೇಟಿನ ಇಳಿಜಾರು. ತಗ್ಗಿದ ಕಾರಿಗೆ ಚಕ್ರ ಮೇಲೇಳಲು ಜಾಗವೇ ಉಳಿದಿರುವುದಿಲ್ಲ. ನಾಲ್ವರನ್ನು ಕೂರಿಸಿ, ಡಿಕ್ಕಿ ತುಂಬಿಸಿ, ಪನ್ವೇಲ್ ದಾಟಿ ಕೊಂಕಣದ ಹಾದಿಯಲ್ಲಿ ಊರಿಗೆ ಹೊರಟವರ ಕಾರು ಪ್ರತಿ ಹೊಂಡಕ್ಕೂ ರಬ್ಬರ್ ಸ್ಟಾಪಿಗೆ ಬಡಿಯುತ್ತದೆ. ಬ್ರೇಕ್ ಹಾಕಿದಾಗ ಚಕ್ರ ನೆಲ ಬಿಟ್ಟು ಕುಣಿದರೆ ಕಾರು ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿಗೆ ಕಾರಿನ ಚೆಂದ ಕಾಣದು, ಸೊಂಟನೋವು ಮಾತ್ರ ಗೊತ್ತಾಗುತ್ತದೆ.

ಕಾನೂನೂ ಕೈಕಟ್ಟಿ ಕುಳಿತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಟನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿಸಿಕೊಂಡ ಕಾರುಗಳಿಗೆ ವಿಂಟೇಜ್ ನೋಂದಣಿಯೂ ದೊರೆಯುತ್ತದೆ. ಆರಂಭದ ಫಿಯೆಟ್‌ಗಳು ಈಗ ಆ ವಯಸ್ಸಿಗೆ ಬಂದಿವೆ. ಕೈಯಾರೆ ಮೂಲರೂಪ ಕೆಡಿಸಿಕೊಂಡರೆ ಆ ಗೌರವಕ್ಕೇ ಕುಂದು ತಂದುಕೊಂಡಂತೆ.

ತೀರಾ ತಗ್ಗಿಸಲೇಬೇಕೆಂಬ ಹಟ ಇದ್ದವರು ಹಳೆಯ ಸ್ಪ್ರಿಂಗ್ ಜೋಡಿಯನ್ನು ಹಾಗೆಯೇ ತೆಗೆದಿಟ್ಟು, ಸ್ಪ್ರಿಂಗ್ ತಯಾರಿಸುವವರಲ್ಲಿ ಬೇಕಾದ ಎತ್ತರಕ್ಕೆ ಹೊಸ ಜೋಡಿ ಮಾಡಿಸಿಕೊಳ್ಳಲಿ. ಖರ್ಚು ಸ್ವಲ್ಪ ಹೆಚ್ಚು, ಬೇಡವೆನಿಸಿದಾಗ ಮರಳಿ ಹಾಕಬಹುದು. ವಾರ್ಷಿಕೋತ್ಸವಕ್ಕೆ ನೃತ್ಯ, ನಾಟಕ ಏರ್ಪಡಿಸುವ ನಮ್ಮ ಸಂಘಗಳ ಯುವ ವಿಭಾಗದವರು ಮಳೆಗಾಲಕ್ಕೆ ಮುನ್ನ ಒಂದು ರವಿವಾರ ಫಿಯೆಟ್ ಬಲ್ಲ ಹಳೆಯ ಮಿಸ್ತ್ರಿಯೊಬ್ಬರನ್ನು ಕರೆಸಿ, ಹುಡುಗರ ಕಣ್ಣೆದುರೇ ಒಂದು ಸ್ಪ್ರಿಂಗ್ ಬಿಚ್ಚಿಸಿ ತೋರಿಸಲಿ. ಹಾಲ್ ಬೇಕಾಗಿಲ್ಲ, ಸಂಘದ ಅಂಗಳವೇ ಸಾಕು.