ಸುಳ್ಳು ದೂರು, ಸೋತ ದೂರು

ಮೊನ್ನೆ ಪರಿಚಿತ ಉಪಾಧ್ಯಾಯರೊಬ್ಬರು ನನ್ನಲ್ಲಿಗೆ ಬಂದಿದ್ದರು. ಯಾರೋ ದೂರವಾಣಿಯಲ್ಲಿ ನಂಬಿಸಿ ಅವರ ಬ್ಯಾಂಕಿನ ಹಣವನ್ನು ಅಪಹರಿಸಿದ್ದರು. “ದೂರು ಕೊಟ್ಟು, ಅದು ರುಜುವಾತಾಗದೆ ಹೋದರೆ ನನ್ನನ್ನೇ ಶಿಕ್ಷಿಸುವರಲ್ಲವೆ?” ಎಂಬುದು ಅವರ ಅಂಜಿಕೆ.

ಅಂಜಿಕೆ ತೀರ ನಿರಾಧಾರವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 217ನೆಯ ಕಲಮಿನಂತೆ, ಪರರಿಗೆ ತೊಂದರೆಯಾಗಲೆಂದು ಸುಳ್ಳೆಂದು ತಿಳಿದೂ ಅಧಿಕಾರಿಗೆ ಮಾಹಿತಿ ಕೊಡುವವನಿಗೆ 1 ವರ್ಷದವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಹಾನಿ ಮಾಡಲೆಂದೇ ಸುಳ್ಳು ಆಪಾದನೆ ಹೊರಿಸಿದರೆ, 248ನೆಯ ಕಲಮಿನಂತೆ ಸಾಮಾನ್ಯವಾಗಿ 5 ವರ್ಷದವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. 1860ರ ದಂಡ ಸಂಹಿತೆಯಲ್ಲಿ ಈ ಸೆರೆವಾಸದ ಮಿತಿಗಳು ಕ್ರಮವಾಗಿ 6 ತಿಂಗಳು, 2 ವರ್ಷ ಇದ್ದವು.

ಈ ಬಿಗಿ ನನಗೆ ಉಚಿತವೆಂದೇ ತೋರುತ್ತದೆ. 1930 ಎಂಬ ಸಹಾಯವಾಣಿಗೆ ಹೋದ ಒಂದು ದೂರಿನಿಂದ ಅಪರಿಚಿತನೊಬ್ಬನ ಖಾತೆಯ ಹಣ ವಿಚಾರಣೆಗೆ ಮೊದಲೇ ತಡೆಹಿಡಿಯಲ್ಪಡಬಹುದು. ದೂರು ಸುಳ್ಳಾದರೆ ನಿರಪರಾಧಿಯ ಮನೆಯ ಒಲೆ ಆರೀತು.

ಆದರೆ ‘ತಿಳಿದೂ’ ಎಂಬ ಮಾತೇ ಈ ಕಾನೂನಿನ ಜೀವಾಳ. ಪ್ರಾಮಾಣಿಕವಾದ ತಪ್ಪು ಗ್ರಹಿಕೆಯಾಗಲಿ, ಸಾಲದ ಸಾಕ್ಷ್ಯವಾಗಲಿ, ಪತ್ತೆಯಾಗದ ಕಳ್ಳನಾಗಲಿ ದೂರು ಕೊಟ್ಟವನನ್ನು ಅಪರಾಧಿಯನ್ನಾಗಿ ಮಾಡವು. ಸೋತ ದೂರೆಲ್ಲ ಸುಳ್ಳು ದೂರಲ್ಲ.

“ಕಂಡದ್ದನ್ನು ಕಂಡಂತೆ ಬರೆಯಿರಿ, ಊಹೆಯನ್ನು ಊಹೆಯೆಂದೇ ಹೇಳಿರಿ, ಆದರೆ ತಡಮಾಡಬೇಡಿ” ಎಂದೆ. ಸತ್ಯವಂತನು ಅಂಜಿ ಸುಮ್ಮನಾದರೆ ಲಾಭ ಕಳ್ಳನಿಗೇ ಅಲ್ಲವೆ?