ಜಾತ್ರೆಗೆ ಹೋಗದವರು

ಉತ್ಸವವಿಲ್ಲದ ತಿಂಗಳನ್ನು ಮಂಗಳೂರಿನಲ್ಲಿ ಹುಡುಕುವುದು ಕಷ್ಟ. ಮಕರ ಸಂಕ್ರಮಣದ ಹೊತ್ತಿಗೆ ಕದ್ರಿಯ ಜಾತ್ರೆ. ಮಾಘಮಾಸದ ರಥಸಪ್ತಮಿಗೆ ರಥಬೀದಿಯ ಶ್ರೀ ವೆಂಕಟರಮಣ ದೇವರ ರಥೋತ್ಸವ, ಜನರು ‘ಕೊಡಿಯಾಲ ತೇರು’ ಎಂದು ಕರೆಯುವುದು ಇದನ್ನೇ. ಸೆಪ್ಟೆಂಬರ್ 8ರಂದು ಕ್ರೈಸ್ತ ಬಾಂಧವರ ಮೊಂತಿ ಹಬ್ಬ, ಹೊಸ ಅಕ್ಕಿಯ ಊಟ. ನವರಾತ್ರಿಯಲ್ಲಿ ಮಂಗಳಾದೇವಿಯಲ್ಲಿಯೂ ಕುದ್ರೋಳಿಯಲ್ಲಿಯೂ ವೈಭವ, ಬೀದಿಬೀದಿಗಳಲ್ಲಿ ಹುಲಿವೇಷದ ತಾಸೆಯ ಸದ್ದು. ಇಷ್ಟಿದ್ದ ಮೇಲೆ ಈ ಊರಿನ ಸಂಸಾರಗಳಿಗೆ ವಿನೋದಕ್ಕೆ ಕೊರತೆಯೇನೆಂದು ವಾಚಕರು ಕೇಳಬಹುದು. ಕೊರತೆ ಉಂಟು, ಅದನ್ನೇ ಈ ತಿಂಗಳು ವಿಚಾರಿಸತಕ್ಕವರಾಗಿದ್ದೇವೆ.

ಜಾತ್ರೆಯೆಂಬುದು ಸಂಸ್ಕೃತದ ‘ಯಾತ್ರಾ’ ಶಬ್ದದ ತದ್ಭವವೆಂದು ನಾವು ಬಹುಕಾಲ ಮಕ್ಕಳಿಗೆ ಪಾಠ ಹೇಳಿದವರು. ‘ಯಾ’ ಎಂಬ ಧಾತುವಿಗೆ ಹೋಗುವುದೆಂದು ಅರ್ಥ. ಹೋದವರಿಗೆ ಅದು ಜಾತ್ರೆ; ಮನೆಯಲ್ಲಿ ಉಳಿದವರಿಗೆ ದೂರದ ವಾದ್ಯಘೋಷ ಮಾತ್ರ. ಹೀಗೆ ಉಳಿಯುವವರು ಪ್ರತಿಯೊಂದು ಮನೆಯಲ್ಲಿಯೂ ಒಬ್ಬಿಬ್ಬರಾದರೂ ಇರುತ್ತಾರೆ. ಅವರು ಯಾರೆಂಬುದನ್ನು ನಾವು ಹೇಳಬೇಕಾದುದಿಲ್ಲ. ಅಡಿಗೆಮನೆಯ ಕಡೆಗೆ ಒಮ್ಮೆ ತಿರುಗಿ ನೋಡಿದರೆ ಸಾಕು.

ರಥಬೀದಿಗೆ ಕೂಗಳತೆಯಲ್ಲಿರುವ ಮನೆಯೊಂದನ್ನು ನಾವು ಬಲ್ಲೆವು. ತೇರಿನ ದಿನ ಅಲ್ಲಿ ಮುಂಬಯಿಯಿಂದಲೂ ಬೆಂಗಳೂರಿನಿಂದಲೂ ಬಂದ ನೆಂಟರು ತುಂಬಿರುತ್ತಾರೆ. ಸಂಜೆ ತೇರು ಎಳೆಯುವ ಹೊತ್ತಿಗೆ ಹಿತ್ತಲಲ್ಲಿ ಪಾತ್ರೆಗಳು ರಾಶಿಬಿದ್ದಿರುತ್ತವೆ. ರಾತ್ರಿಯ ಫಲಾಹಾರಕ್ಕೆ ಅಕ್ಕಿ ಅರೆಯುವುದು ಬಾಕಿ ಇರುತ್ತದೆ. ಆ ಮನೆಯ ಯಜಮಾನಿತಿ ಮದುವೆಯಾಗಿ ಬಂದು ಮೂವತ್ತು ವರ್ಷಗಳಾದುವು. ಒಮ್ಮೆ ಮಾತಿಗೆ ಮಾತು ಬಂದಾಗ ಆಕೆ ನಗುತ್ತಲೇ, “ತೇರಿನ ಕಲಶವನ್ನು ನಮ್ಮ ಮಾಳಿಗೆಯಿಂದ ಕಂಡಿದ್ದೇನೆ ಮಾಸ್ತರೇ, ಚಕ್ರವನ್ನು ಕಂಡದ್ದಿಲ್ಲ” ಎಂದರು. ಆ ಮಾತಿನಲ್ಲಿ ದೂರಿನ ಲವಲೇಶವೂ ಇರಲಿಲ್ಲ. ನಮಗೆ ಹೆಚ್ಚು ನೋವಾದುದು ಅದರಿಂದಲೇ.

ಯಾರೂ ಆಕೆಯನ್ನು ತಡೆದವರಿಲ್ಲ ಎಂಬುದೂ ನಿಜವೇ. ಅತಿಥಿಸತ್ಕಾರವು ನಮ್ಮ ಧರ್ಮವಷ್ಟೆ. ಆದರೆ ಧರ್ಮದ ಭಾರವೆಲ್ಲ ಒಬ್ಬರ ಹೆಗಲಿನ ಮೇಲೂ, ಅದರ ಸಂತೋಷವೆಲ್ಲ ಉಳಿದವರ ಪಾಲಿಗೂ ಬೀಳುವುದು ನ್ಯಾಯವಲ್ಲ. ಹಿಂದಿನ ಕಾಲದಲ್ಲಿ ವಿಧವೆಯಾದ ಸೋದರತ್ತೆಯನ್ನು ಮನೆ ಕಾಯಲು ಬಿಟ್ಟು ಮಿಕ್ಕವರೆಲ್ಲರೂ ಹೊರಡುತ್ತಿದ್ದರು. ಊರು ಇಂತಹ ವಿಷಯಗಳಲ್ಲಿ ಬದಲಾಗಬಲ್ಲುದೆಂಬುದಕ್ಕೆ ದೃಷ್ಟಾಂತವಿಲ್ಲದೆ ಇಲ್ಲ. ಶ್ರೀ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆಮಾಡಿದ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರದಲ್ಲಿ, 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ದೇವರ ಗರ್ಭಗುಡಿಯ ಬಾಗಿಲೇ ತೆರೆದ ಮೇಲೆ ನಮ್ಮ ಮನೆಯ ಹೊಸ್ತಿಲು ಅಡ್ಡಬರುವುದು ಶೋಭಿಸದು.

ಉತ್ಸವದ ದಿನಕ್ಕೆ ನಾವು ಸೂಚಿಸುವ ಉಪಾಯವು ಸುಲಭವಾದುದು. ಅಡಿಗೆಯಲ್ಲಿ ಎರಡು ಬಗೆ ಕಡಿಮೆಯಾಗಲಿ. ಬಡಿಸುವುದನ್ನೂ ಪಾತ್ರೆ ತೊಳೆಯುವುದನ್ನೂ ಗಂಡಸರು ಮಕ್ಕಳು ಹಂಚಿಕೊಳ್ಳಲಿ. ತೇರು ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಒಲೆ ಆರಲಿ. ನೆಂಟರಾಗಿ ಬಂದವರು ಕೂಡ ಸೌಟು ಹಿಡಿದರೆ ಅವರ ಗೌರವಕ್ಕೆ ಕುಂದಿಲ್ಲ.

ಇದಲ್ಲದೆ ಹಬ್ಬವಿಲ್ಲದ ದಿನವೊಂದನ್ನು ಆರಿಸಿ, ಮನೆಗೆ ಬೀಗ ಹಾಕಿ ಎಲ್ಲರೂ ಹೊರಡುವ ಪದ್ಧತಿಯನ್ನು ತಿಂಗಳಿಗೊಮ್ಮೆ ಇಟ್ಟುಕೊಳ್ಳತಕ್ಕದ್ದು. ನಮ್ಮ ಊರಿನಲ್ಲಿ ಇದಕ್ಕೆ ಹಣವು ಹೆಚ್ಚು ಬೇಡ. ಕದ್ರಿಗೆ ಬೆಳಗ್ಗೆ ಹೋದರೆ ಮಂಜುನಾಥನ ದರ್ಶನದೊಂದಿಗೆ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕಾಣಬಹುದು. ಮೂರು ಮುಖ, ಆರು ಕೈಗಳುಳ್ಳ ಈ ಆಸೀನಮೂರ್ತಿಯ ಪೀಠದಲ್ಲಿ ಸಂಸ್ಕೃತ ಶಾಸನವೊಂದಿದೆ. ಆಳುಪ ವಂಶದ ಕುಂದವರ್ಮನು ‘ಕದರಿಕಾ’ ಎಂಬ ವಿಹಾರದಲ್ಲಿ ಇದನ್ನು ಕಲಿವರ್ಷ 4068ರಲ್ಲಿ, ಅಂದರೆ ಕ್ರಿ. ಶ. 968ರಲ್ಲಿ, ಸ್ಥಾಪಿಸಿದನೆಂದು ಅದರಿಂದ ತಿಳಿಯುತ್ತದೆ. ಸಾವಿರ ವರ್ಷ ದಾಟಿದ ಆ ಪ್ರಸನ್ನಮುಖದ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲುವುದನ್ನು ಮಕ್ಕಳಿಗೆ ಕಲಿಸಿರಿ. ಬಳಿಕ ಗೋಮುಖದ ನೀರನ್ನೂ ಕೆರೆಗಳನ್ನೂ ತೋರಿಸಿದರಾಯಿತು.

ಇನ್ನೊಂದು ತಿಂಗಳು ದೀಪಸ್ತಂಭದ ಗುಡ್ಡದ ಮೇಲಣ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರಕ್ಕೆ ಹೋಗಬಹುದು. ಇಟಲಿಯ ಆಂತೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಸಹೋದರನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದು, ಗೋಡೆ ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದನು. ಮಕ್ಕಳಿರುವ ಮನೆಯವರು ಮೂಡುಶೆಡ್ಡೆಯ ಬಳಿಯ ಪಿಲಿಕುಳಕ್ಕೆ ಹೋಗಲಿ. ಪಿಲಿಯೆಂದರೆ ತುಳುವಿನಲ್ಲಿ ಹುಲಿ; ಹುಲಿ ನೀರು ಕುಡಿಯಲು ಬರುತ್ತಿದ್ದ ಕೊಳವೆಂದು ಹೆಸರಿನ ಅರ್ಥ. ಅಲ್ಲಿ ಮೃಗಾಲಯವಿದೆ, 2018ರಲ್ಲಿ ತೆರೆದ ತಾರಾಲಯವಿದೆ. ನಡೆದಾಟ ಹೆಚ್ಚಾದುದರಿಂದ ವೃದ್ಧರಿದ್ದರೆ ಇಡೀ ದಿನವನ್ನು ಮೀಸಲಾಗಿಡಬೇಕು.

ಕಡಲನ್ನು ಕೊನೆಗೆ ಹೇಳುತ್ತೇವೆ, ಯಾಕೆಂದರೆ ಅದರ ವಿಷಯದಲ್ಲಿ ಎಚ್ಚರಿಕೆ ಬೇಕು. ಬೋಳೂರಿನಲ್ಲಿ ಟಿಪ್ಪುವಿನ ಕಾಲದ ಕರಿಕಲ್ಲಿನ ಸುಲ್ತಾನ ಬತ್ತೇರಿಯನ್ನು ನೋಡಿ, ಹೊಳೆಯಾಚೆಯ ತಣ್ಣೀರುಬಾವಿಯಲ್ಲಿ ಗಾಳಿಮರಗಳ ನೆರಳಿನಲ್ಲಿ ಬುತ್ತಿ ಬಿಚ್ಚುವುದಕ್ಕಿಂತ ಮಿಗಿಲಾದ ಸುಖವನ್ನು ನಾವರಿಯೆವು. ಆದರೆ ಜೂನ್ ತಿಂಗಳಿಂದ ಮಳೆಗಾಲ ಮುಗಿಯುವ ವರೆಗೆ ಯಾರನ್ನೂ ನೀರಿಗೆ ಇಳಿಯಗೊಡಬೇಡಿರಿ. ಹುಟ್ಟಾ ಮೀನುಗಾರರೇ ದೋಣಿಗಳನ್ನು ದಡಕ್ಕೆಳೆದಿರುವಾಗ ಪೇಟೆಯವರಿಗೆ ಸಾಹಸವೇಕೆ? ಮಿಕ್ಕ ಕಾಲದಲ್ಲಿಯೂ ಹಿಂದೆಳೆಯುವ ತೆರೆಯ ಬಲವನ್ನು ಮರೆಯಕೂಡದು. ರಕ್ಷಕರ ಮಾತನ್ನು ಮೀರಕೂಡದು. ಮರಳಿನ ಮೇಲೆ ಕುಳಿತು ಸೂರ್ಯಾಸ್ತವನ್ನು ನೋಡುವುದಕ್ಕೆ ಕಾಲು ಒದ್ದೆಯಾಗಬೇಕಾದುದಿಲ್ಲ.

ಹೊರಡುವವರಿಗೆ ಮೂರು ಮಾತು. ಒಂದು ದಿನಕ್ಕೆ ಒಂದೇ ಸ್ಥಳ ಸಾಕು; ನಾಲ್ಕು ಕಡೆ ಓಡಿದರೆ ನೆನಪಿನಲ್ಲಿ ಉಳಿಯುವುದು ಬೆವರು ಮಾತ್ರ. ಹೊರಡುವ ಮುನ್ನ ಬಾಗಿಲು ತೆರೆಯುವ ವೇಳೆಯನ್ನೂ ವಾರದ ರಜೆಯನ್ನೂ ವಿಚಾರಿಸಿಕೊಳ್ಳಿರಿ. ಬುತ್ತಿಯು ಅವಲಕ್ಕಿಯಂತಹ ಸರಳವಾದುದಾಗಿರಲಿ. ಬಾಯಾರಿಕೆಗೆ ದಾರಿಯಲ್ಲಿ ಬೊಂಡ ಸಿಕ್ಕುವುದಷ್ಟೆ. ವಿಹಾರಕ್ಕೆಂದು ನಾಲ್ಕು ಗಂಟೆಗೇ ಎದ್ದು ಹತ್ತು ಬಗೆ ಕರಿಯಬೇಕಾದರೆ ಅಡಿಗೆಮನೆಯನ್ನೇ ಹೊತ್ತುಕೊಂಡು ಹೋದಂತಾಯಿತು.

ಸ್ಥಳವನ್ನು ಆರಿಸುವ ಅಧಿಕಾರ ಮಾತ್ರ, ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಹೊರಗೆ ಹೋದವರದು. “ನನಗೇನು, ನೀವು ಹೇಳಿದಲ್ಲಿಗೆ ಆಗಲಿ” ಎಂದು ಅವರು ಮೊದಲು ಹೇಳಿಯೇ ಹೇಳುತ್ತಾರೆ. ಅಷ್ಟಕ್ಕೆ ಬಿಡಬೇಡಿರಿ, ಎರಡನೆಯ ಸಲ, ಮೂರನೆಯ ಸಲ ಕೇಳಿರಿ. ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲಿಟ್ಟುಕೊಂಡ ಜಾಗವೊಂದರ ಹೆಸರು ಆಗ ಹೊರಬೀಳುವುದು. ಅದು ಎಷ್ಟು ಹತ್ತಿರದ್ದೆಂದು ಕೇಳಿ ಮನೆಮಂದಿಯೇ ನಾಚಬೇಕಾದೀತು.