ಹೊನ್ನಮ್ಮನ ಒಂದೇ ಪದ್ಯ ಕತ್ತರಿಸಿ ಹಾಕೋರಿಗೆ (ಭಾಗ 3)

ಹೋದ ವಾರ ಅಕ್ಕಮಹಾದೇವಿ ಬಗ್ಗೆ ಬರೆದಾಗ ಎಲ್ಲರೂ ಬೆಂಕಿ ಇಮೋಜಿ ಹಾಕಿದ್ರಿ. ಇವತ್ತು ಹಾಕ್ತೀರೋ ಇಲ್ವೋ, ನೋಡೋಣ.

ಪ್ರತಿ ಮಾರ್ಚ್ 8ಕ್ಕೆ ನಮ್ಮ ಕ್ಲಾಸ್ ಗ್ರೂಪಲ್ಲಿ ಸಂಚಿ ಹೊನ್ನಮ್ಮನ ಅದೇ ಒಂದು ಪದ್ಯ ಓಡಾಡುತ್ತೆ. ತಾಯಿಯೂ ಹೆಣ್ಣಲ್ವಾ ಅಂತ ಕೇಳೋದು. ಗುಲಾಬಿ ಹಿನ್ನೆಲೆ, ಮೂಲೆಯಲ್ಲೊಂದು ಹೂವು. ಅದು ಯಾವ ಪುಸ್ತಕದ್ದು ಅಂತ ಬನಶಂಕರಿ ಬಸ್ಸಲ್ಲಿ ನಾಲ್ಕು ಫ್ರೆಂಡ್ಸನ್ನ ಕೇಳಿದೆ. ಯಾರಿಗೂ ಗೊತ್ತಿಲ್ಲ.

ಪುಸ್ತಕ 'ಹದಿಬದೆಯ ಧರ್ಮ'. ಅಂದ್ರೆ ಪತಿವ್ರತೆ ಹೇಗಿರಬೇಕು ಅನ್ನೋ ಪಾಠ. ಇದನ್ನ ಹೇಳಿದ ತಕ್ಷಣ ಒಬ್ಬಳು "ಅಯ್ಯೋ, ಹಾಗಾದ್ರೆ ಕ್ಯಾನ್ಸಲ್" ಅಂದಳು.

ತಡೀರಿ ಸ್ವಲ್ಪ. ಮೈಸೂರಲ್ಲಿ ಚಿಕ್ಕದೇವರಾಜ ಒಡೆಯರ ಕಾಲ, 1673ರಿಂದ 1704. ಹೊನ್ನಮ್ಮ ಯಳಂದೂರಿನವಳು, ಅರಮನೆಯಲ್ಲಿ ಎಲೆ-ಅಡಿಕೆ ಸಂಚಿ ಹಿಡಿಯೋ ಕೆಲಸ. ಹೆಸರಿಗೇ ಆ ಚೀಲ ಅಂಟಿಕೊಂಡಿದೆ ನೋಡಿ. 'ಮಿತ್ರವಿಂದಾ ಗೋವಿಂದ' ನಾಟಕ ಬರೆದ ಸಿಂಗರಾರ್ಯ ಅವಳ ಗುರು. ಕಲಿಯೋಕೆ, ಬರೆಯೋಕೆ, ಬರೆದದ್ದು ಉಳಿಯೋಕೆ ಎಲ್ಲಕ್ಕೂ ಅರಮನೆಯ ಒಪ್ಪಿಗೆ ಬೇಕು. ಅಂಥವಳಿಗೆ ಇನ್ಯಾವ ವಿಷಯ ಸಿಗ್ತಿತ್ತು, ಹೇಳಿ? ಹೆಂಡತಿಯ ಧರ್ಮ ಹೇಳ್ತೀನಿ ಅಂತ ಸಾಂಗತ್ಯದಲ್ಲಿ ಶುರು ಮಾಡಿ, ಅದರ ಮಧ್ಯದಲ್ಲೇ ಹೆಣ್ಣನ್ನ ಕೀಳಾಗಿ ನೋಡೋರನ್ನ ಮೂಢರು ಅಂತ ಬೈದಳು. ಮಗ ಹುಟ್ಟಿದ್ರೆ ಜಮೆ, ಮಗಳು ಹುಟ್ಟಿದ್ರೆ ಖರ್ಚು ಅನ್ನೋ ಲೆಕ್ಕವನ್ನೂ ಪ್ರಶ್ನೆ ಮಾಡಿದಳು. (ಬಿಕಾಂನವರು ನಾವು, ಈ ಎಂಟ್ರಿ ನಮಗಾದ್ರೂ ಅರ್ಥ ಆಗಬೇಕು.)

ಹಾಗಂತ ಉಳಿದ ಉಪದೇಶವೆಲ್ಲ ಬರೀ ನೆಪ ಅಂತ ನಾನು ಹೇಳಲ್ಲ. ಅದನ್ನೂ ಅವಳು ನಂಬಿರಬಹುದು. ಸಿಟ್ಟಿನ ಪದ್ಯ ಮಾತ್ರ ಕಿತ್ತು ಪೋಸ್ಟರ್ ಮಾಡೋರು ಒಂದು ಕಡೆ, ಉಪದೇಶ ಅಂತ ಕೇಳಿ ಇಡೀ ಹೊನ್ನಮ್ಮನನ್ನೇ ಎಸೆಯೋರು ಇನ್ನೊಂದು ಕಡೆ. ಇಬ್ಬರೂ ಪುಸ್ತಕ ತೆರೆದಿಲ್ಲ ಕಣ್ರೀ!

ಮತ್ತೆ ನಾವೇನು ಬೇರೆನಾ? ಹೋದ ವರ್ಷ ಒಂದು ಕವನ ಸ್ಪರ್ಧೆಗೆ, ರಾತ್ರಿ ಬಸ್ ಸ್ಟಾಪಲ್ಲಿ ಒಬ್ಬಳೇ ನಿಂತಿದ್ದರ ಬಗ್ಗೆ ಬರೆದಿದ್ದೆ. "ಸ್ವಲ್ಪ ಸಾಫ್ಟಾಗಿ ಬರಿಯಮ್ಮ" ಅಂದ್ರು. ಮಳೆ ಬಗ್ಗೆ ಬರೆದುಕೊಟ್ಟೆ. ಪ್ರೈಜ್ ಬಂತು. ಆದರೆ ಬಸ್ ಸ್ಟಾಪಿನ ನಾಲ್ಕು ಸಾಲು ಆ ಮಳೆಯ ಮಧ್ಯದಲ್ಲಿ ಹಾಗೇ ಬಿಟ್ಟಿದ್ದೆ. ಯಾರೂ ಗಮನಿಸಲಿಲ್ಲ.

ಲೈಬ್ರರಿಯಿಂದ 'ಹದಿಬದೆಯ ಧರ್ಮ' ತಂದಿದೀನಿ. ಶನಿವಾರ ಕ್ಲಾಸ್ ಮುಗಿದ ಮೇಲೆ ಕೂತು ಓದೋಣ. ಭಾಷೆ ಕಷ್ಟ ಅಂತ ಹೆದರಬೇಡಿ, ಸಾಂಗತ್ಯ ಹಾಡಿಕೊಂಡು ಹೋಗಬಹುದು. ಬರೋರು ಡಿಎಂ ಮಾಡಿ. ಗುಲಾಬಿ ಪೋಸ್ಟರ್ ಹಾಕಿದವರು ಮೊದಲು.

#ಸಂಚಿಹೊನ್ನಮ್ಮ #ಹದಿಬದೆಯಧರ್ಮ